ಭೀಮಾ ಹೊಳಿ ಎಲ್ಲಿ ಹೋತು?

ಪುಕ್ಕಟೆ ಕೊಡುವವನಿಗೆ ಬರುವಷ್ಟು ಸೊಕ್ಕು ಬೇರೆ ಯಾರಿಗೂ ಬರುವುದಿಲ್ಲ. ಇದು ನನ್ನ ಸ್ವಂತ ಅನುಭವ. ನಾನು ಕೊಡುತ್ತಿದ್ದುದು ನೋಟ್ಸು. ತೊಂಬತ್ತರ ದಶಕದಲ್ಲಿ ಸಿಂದಗಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಮುತ್ತಿನಂಥ ಅಕ್ಷರದಲ್ಲಿ (ಮುತ್ತು ಎಂದವನು ನಾನೇ) ನೋಟ್ಸು ಬರೆದು, ಮೊದಲ ಪುಟದಲ್ಲಿ ‘ಇದು ಎಲ್ಲರಿಗೂ. ಯಾರು ಬೇಕಾದರೂ ಝೆರಾಕ್ಸ್ ಮಾಡಿಸಿಕೊಳ್ಳಿ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಅದು ಬಸ್ಸು ಹತ್ತಿ ಇಂಡಿ, ಮುದ್ದೇಬಿಹಾಳದವರೆಗೂ ಹೋಗಿತ್ತು. ಬಸವನ ಬಾಗೇವಾಡಿಯ ಮದುವೆಯೊಂದರಲ್ಲಿ ಗುರುತಿಲ್ಲದ ಮಾಸ್ತರರೊಬ್ಬರು “ನೋಟ್ಸಿನ ಸರ್ ನೀವೇ ಏನ್ರಿ?” ಎಂದು ಕೇಳಿದ ಮೇಲಂತೂ ಒಂದು ವಾರ ಮನೆಯಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ.

ಹಸೀನಾ ದೇವಣಗಾಂವದ ಹುಡುಗಿ. ಸಿಂದಗಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಹತ್ತನೆಯ ತರಗತಿ ಓದುತ್ತಿದ್ದಳು. ಹುಟ್ಟಿದಾಗಿನಿಂದ ಕಣ್ಣು ಕಾಣದು. ನನ್ನ ವಿಷಯದಲ್ಲೇ ಒಮ್ಮೆ ಫೇಲಾಗಿದ್ದಳು. ಇನ್ನೊಮ್ಮೆ ಆದರೆ ಓದು ಬಿಡಿಸುತ್ತೇನೆಂದು ಅಪ್ಪ ಹೇಳಿದ್ದ. ಒಂದು ದಿನ ಕೇಳಿಯೇಬಿಟ್ಟಳು: “ಸರ, ಎಲ್ಲಾರಿಗೂ ಅಂದ್ರ ನನಗೂ ಏನ್ರಿ?”

ನಾಚಿಕೆಯಾಯಿತು. ಆ ವಾರವೇ ಟೇಪ್ ರೆಕಾರ್ಡರಿನ ಮುಂದೆ ಕೂತು, ಗೋಡೆಗೆ ನಕಾಶೆ ತೂಗುಹಾಕಿ, ಇಡೀ ನೋಟ್ಸನ್ನು ಕ್ಯಾಸೆಟ್ಟುಗಳಿಗೆ ಓದಿ ತುಂಬಿ ಅವಳ ಕೈಗಿಟ್ಟೆ. ಸೊಕ್ಕು ಮತ್ತೆ ಬಂತು. ಮೂರನೆಯ ದಿನ ಹಸೀನಾಳೂ ಬಂದಳು.

“ದನಿ ಚಲೋ ಐತ್ರಿ ಸರ. ಆದ್ರ ಭೀಮಾ ನದಿ ‘ಇಲ್ಲಿ ಹುಟ್ಟಿ, ಹೀಗೆ ಬಂದು, ಇಲ್ಲಿ ಸೇರುತ್ತದೆ’ ಅಂದೀರಿ. ನಡುನಡುವ ಟಕ್ ಟಕ್ ಅಂತೈತಿ. ನಮ್ಮೂರ ಬಾಜೂಕ ಹರಿಯೋ ಹೊಳೀರಿ ಅದು. ಕ್ಯಾಸೆಟ್ಟಿನ್ಯಾಗ ಎಲ್ಲಿ ಹೋತು ಅಂತನ ತಿಳೀವಲ್ದು.”

ಆ ಟಕ್ ಟಕ್ ನನ್ನ ಕೋಲಿನದು. ಇಪ್ಪತ್ತು ವರ್ಷ ನಕಾಶೆಗೆ ಬಡಿದು ಕಲಿಸಿದ ಕೈ, ಒಬ್ಬನೇ ಕೂತಾಗಲೂ ಸುಮ್ಮನಿದ್ದಿರಲಿಲ್ಲ.

ಎರಡನೆಯ ಸಲ ಹಸೀನಾಳನ್ನೇ ಎದುರು ಕೂಡಿಸಿಕೊಂಡೆ. ಹೆಂಡತಿ ಶಾಂತಾ ಕೋಲು ಕಸಿದು ಅಟ್ಟಕ್ಕೆಸೆದಳು. ನಾನು ‘ಇಲ್ಲಿ’ ಎಂದಾಗಲೆಲ್ಲ ಹಸೀನಾ “ಎಲ್ಲಿರಿ?” ಎನ್ನುವಳು, ಟೇಪು ಹಿಂದಕ್ಕೆ ತಿರುಗುವುದು. ಮಹಾರಾಷ್ಟ್ರದ ಬೆಟ್ಟದಲ್ಲಿ ಹುಟ್ಟಿದ ನದಿಯನ್ನು ಪಂಢರಪುರ ದಾಟಿಸಿ, ದೇವಣಗಾಂವದ ಮಗ್ಗುಲಿಗೆ ತಂದು, ರಾಯಚೂರಿನ ಕಡೆ ಕೃಷ್ಣೆಗೆ ಸೇರಿಸುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ತೊಯ್ದಿತ್ತು. ಆ ಕ್ಯಾಸೆಟ್ಟನ್ನು ಕಣ್ಣಿದ್ದ ಮಕ್ಕಳೂ ಕಾಪಿ ಮಾಡಿಸಿಕೊಂಡರು. ನಾನು ಕೋಲಿನಿಂದ ತೋರಿಸಿದ್ದು ಅವರಿಗೂ ತಿಳಿಯುತ್ತಿರಲಿಲ್ಲವಂತೆ. ಕೇಳಲು ಅಂಜಿದ್ದರು, ಅಷ್ಟೇ.

ಹಸೀನಾ ಪಾಸಾದಳು. ಪೇಢೆಯ ಪೊಟ್ಟಣ ಹಿಡಿದು ಮನೆಗೆ ಬಂದಳು. ನಾನು ಟೇಬಲ್ಲಿಗೆ ಬೆರಳಿನಿಂದ ಟಕ್ ಟಕ್ ಬಡಿದು, “ಇಲ್ಲಿ ಇಡವಾ ತಂಗಿ” ಎಂದೆ.

ಅವಳು ಪೊಟ್ಟಣ ಹಿಡಿದುಕೊಂಡೇ ನಿಂತಳು. ತುಟಿಯಲ್ಲಿ ನಗು.

“ಎಲ್ಲಿರಿ ಸರ?”