ಮ್ಯಾರಥಾನ್ ಸಾಹೇಬರ ಮರ್ದನ

ಓಡದೆ ಓಟಗಾರನಾಗುವುದು ಎಷ್ಟು ಕಷ್ಟ ಎಂಬುದು ಓಡುವವರಿಗೆ ಗೊತ್ತಿಲ್ಲ. ಅವರದೇನು, ಶೂ ಹಾಕಿದರು, ಓಡಿದರು, ಬೆವರಿದರು, ಮನೆಗೆ ಬಂದರು. ಓಡದವನು ಬೆವರನ್ನೂ ತಾನೇ ಹೊಂಚಿಕೊಳ್ಳಬೇಕು. ನಮ್ಮ ಮ್ಯಾರಥಾನ್ ಸಾಹೇಬರು ಮೂರು ತಿಂಗಳಿಂದ ಈ ಕಷ್ಟವನ್ನು ತುಟಿಪಿಟಕ್ಕೆನ್ನದೆ ಅನುಭವಿಸುತ್ತಿದ್ದರು.

ಸಾಹೇಬರು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಹಿರಿಯ ಗುಮಾಸ್ತರು. (ದೂರು ಸ್ವೀಕರಿಸುವುದಷ್ಟೇ ಅವರ ಕೆಲಸ; ಪರಿಹರಿಸುವ ವಿಭಾಗ ಬೇರೆ ಇದೆ, ಎಲ್ಲಿದೆ ಎಂದು ಅವರಿಗೂ ಗೊತ್ತಿಲ್ಲ.) ಐವತ್ತೆರಡು ತುಂಬಿದ ದಿನ ಡಾಕ್ಟರು ಅವರ ಹೊಟ್ಟೆಯ ಮೇಲೆ ಎರಡು ಬಾರಿ ತಟ್ಟಿ "ಓಡಿ" ಅಂದರು. ಓಡಿಹೋಗಿ ಅಂದರೋ ಓಟ ಓಡಿ ಅಂದರೋ ಎಂದು ಸಾಹೇಬರು ಯೋಚಿಸುತ್ತಿರುವಾಗಲೇ ಹೆಂಡತಿ ಶೂ ಕೊಂಡು ತಂದಿದ್ದಳು. ದೂರು ವಿಭಾಗದವರು ಹೀಗೆ ದೂರದ ಓಟಗಾರರಾದರು.

ಮೂರು ದಿನ ನಿಜವಾಗಿಯೂ ಓಡಿದರು. ನಾಲ್ಕನೆಯ ದಿನ ಎರಡನೇ ತಿರುವಿನಲ್ಲಿ ಉಸಿರು ಸಿಕ್ಕಿಕೊಂಡು, ಕೈಗೆ ಸಿಕ್ಕಿದ್ದನ್ನು ಹಿಡಿದು ನಿಂತರು. ಕೈಗೆ ಸಿಕ್ಕಿದ್ದು ಬೇಕರಿಯ ಕಟ್ಟೆ. ಬೇಕರಿಯವನು ಮನುಷ್ಯತ್ವ ಇದ್ದವನು. ಎತ್ತರದ ಸ್ಟೂಲು ಎಳೆದು ಕೂರಿಸಿ, ಬಿಸಿ ಬನ್ನು, ಚಹಾ ಮುಂದಿಟ್ಟ. ಎಡಗಡೆ ಮೂಲೆಯಲ್ಲಿ, ಚಾವಣಿಗೆ ತಾಗಿದಂತೆ ಒಂದು ಟಿವಿ. ಅದರಲ್ಲಿ ಯಾರೋ ಓಡುತ್ತಿದ್ದರು. ಅಂದಿನಿಂದ ದಿನವೂ ಒಂದು ಗಂಟೆ ಸಾಹೇಬರು ಅಲ್ಲಿ ಕೂತು ಜಗತ್ತಿನ ಓಟಗಾರರನ್ನೆಲ್ಲ ನೋಡಿದರು. ಹಿಂತಿರುಗುವಾಗ ಕಟ್ಟಡದ ಕೆಳಗಿನ ನಲ್ಲಿಯಲ್ಲಿ ಅಂಗಿಯ ಎದೆ, ಬೆನ್ನು ಒದ್ದೆ ಮಾಡಿಕೊಂಡು, ಮೂರನೇ ಮಹಡಿಯ ಮನೆಗೆ ಏದುಸಿರು ಬಿಡುತ್ತ ಹತ್ತುತ್ತಿದ್ದರು. (ಲಿಫ್ಟು ಕೆಟ್ಟು ಎರಡು ವರ್ಷವಾಗಿದ್ದರಿಂದ ಏದುಸಿರು ಮಾತ್ರ ಅಪ್ಪಟ.) ತೂಕ ಇಳಿಯುವ ಬದಲು ಏರಿದ್ದಕ್ಕೆ, "ಅದು ಕೊಬ್ಬಲ್ಲ ಕಣೇ, ಸ್ನಾಯು. ಸ್ನಾಯುವಿಗೆ ಭಾರ ಜಾಸ್ತಿ," ಎಂದು ವಿವರಣೆ ಕೊಟ್ಟಿದ್ದರು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ. ಕಚೇರಿಯಲ್ಲಿ ದಿನಕ್ಕೆ ಎಂಟು ಕಿಲೋಮೀಟರ್ ಎಂದು ಹೇಳಿಕೊಂಡು 'ಮ್ಯಾರಥಾನ್ ಸಾಹೇಬರು' ಎಂಬ ಬಿರುದು ಸಂಪಾದಿಸಿದರು. ಆ ಬಿರುದು ಮೇಲಧಿಕಾರಿಯ ಕಿವಿ ಮುಟ್ಟಿತು. ಒಂದು ಗುರುವಾರ ಅವರು ಸಾಹೇಬರ ಮೇಜಿನ ಬಳಿಗೇ ಬಂದು ಬೆನ್ನು ತಟ್ಟಿದರು.

"ಏನ್ರೀ, ಇಲಾಖೆಗಳ ರಿಲೇ ಓಟ ಇನ್ನು ಮೂರು ವಾರಕ್ಕೆ. ನಮ್ಮ ತಂಡಕ್ಕೆ ನೀವೇ ಕ್ಯಾಪ್ಟನ್. ಕೊನೇ ಸುತ್ತು ನಿಮ್ದೇ. ಹೋದ ವರ್ಷ ವಿದ್ಯುತ್ ಇಲಾಖೆಯವರು ನಮ್ಮ ಮಾನ ಕಳೆದಿದ್ದಾರೆ. ಈ ಸಲ ನೀವಿದ್ದೀರಿ, ನನಗೆ ಧೈರ್ಯ."

ಸಾಹೇಬರಿಗೆ ಧೈರ್ಯ ಬಿಟ್ಟು ಬೇರೆಲ್ಲ ಬಂತು. ಎರಡು ದಿನ ಊಟ ಸೇರಲಿಲ್ಲ. (ಬನ್ನು ಸೇರಿತು.) ಮೂರನೆಯ ದಿನ ಬೇಕರಿಯ ಟಿವಿಯಲ್ಲಿ ಒಬ್ಬ ಪ್ರಸಿದ್ಧ ಓಟಗಾರ ಮೇಜಿನ ಮೇಲೆ ಬೋರಲಾಗಿ ಮಲಗಿ ಬೆನ್ನು ತಿಕ್ಕಿಸಿಕೊಳ್ಳುತ್ತಿದ್ದ; ಸ್ನಾಯು ಹಿಡಿದಿದೆ, ಈ ಸಲ ಓಡುವುದಿಲ್ಲ ಎಂದು ಕೆಳಗೆ ಅಕ್ಷರ ಹರಿದುಹೋಯಿತು. ಸಾಹೇಬರ ತಲೆಯಲ್ಲಿ ದೀಪ ಹತ್ತಿತು. ಅತಿಯಾಗಿ ಓಡಿ ಸ್ನಾಯು ಹಿಡಿದಿದೆ ಎಂದು ಇಂಥದೇ ಒಂದು ಕಡೆಯಿಂದ ಚೀಟಿ ಬರೆಸಿಕೊಂಡರೆ ಓಟವೂ ತಪ್ಪಿತು, ಬಿರುದೂ ಉಳಿಯಿತು! ಹೇಗೂ ಕುತ್ತಿಗೆ, ಸೊಂಟ ನಿಜವಾಗಿಯೇ ನೋಯುತ್ತಿದ್ದವು. ಅಂದೇ ಒಂದು ಮರ್ದನ ಕೇಂದ್ರಕ್ಕೆ ಫೋನು ಮಾಡಿ ಮುಂದಿನ ಶನಿವಾರಕ್ಕೆ ಸಮಯ ಗೊತ್ತು ಮಾಡಿಕೊಂಡರು.

ಮನೆಯಲ್ಲಿ ಸುದ್ದಿ ಹೇಳಿದಾಗ ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ಅಲ್ಲೇ ನಿಲ್ಲಿಸಿದಳು.

"ಮಸಾಜಾ? ಯಾರು ತಿಕ್ಕೋದು?"

"ತಿಕ್ಕೋದಲ್ಲ ಕಣೇ, ಕ್ರೀಡಾ ಮರ್ದನ. ವೈಜ್ಞಾನಿಕ."

"ವೈಜ್ಞಾನಿಕವಾಗಿ ಯಾರು ತಿಕ್ಕೋದು ಅಂತ ಕೇಳಿದೆ."

"ಅಲ್ಲೊಬ್ಬರು... ಮೇಡಂ ಇದ್ದಾರಂತೆ."

"ಹಾಗಾದ್ರೆ ನಾನೂ ಬರ್ತೀನಿ," ಎಂದು ಇಸ್ತ್ರಿ ಮುಂದುವರಿಸಿದಳು. ಅಂಗಿಯ ಕಾಲರಿನ ಮೇಲೆ ಬಿದ್ದ ಒತ್ತಡ ನೋಡಿ ಸಾಹೇಬರು ಎದುರಾಡಲಿಲ್ಲ.

ಆಕೆ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ನಿಯಮ ಎಂದು ಎಲ್ಲಿ ಬರೆದಿದ್ದರೂ ಅವಳಿಗೆ ಅದು ಶಾಸನ. ಮರ್ದನ ಕೇಂದ್ರದವರು ಫೋನಿಗೆ ಕಳಿಸಿದ ಸೂಚನೆಗಳನ್ನು ಅವಳು ಅಕ್ಷರ ಬಿಡದೆ ಓದಿ, ಶನಿವಾರ ಬೆಳಗ್ಗೆಯಿಂದಲೇ ಜಾರಿಗೆ ತಂದಳು. 'ಚೆನ್ನಾಗಿ ನೀರು ಕುಡಿದಿರಬೇಕು' ಎಂದಿತ್ತು. ಎಷ್ಟು ಎಂದು ಇರಲಿಲ್ಲವಾದ್ದರಿಂದ ತಾನೇ ಚೊಂಬು ಹಿಡಿದು ನಿಂತಳು. 'ಎರಡು ಗಂಟೆ ಮುಂಚೆ ಹೊಟ್ಟೆ ತುಂಬ ತಿನ್ನಬಾರದು' ಎಂದಿತ್ತು. ಸಾಹೇಬರ ಹೊಟ್ಟೆಯ ಗಾತ್ರ ನೋಡಿ ಅದನ್ನು ನಾಲ್ಕು ಗಂಟೆಗೆ ವಿಸ್ತರಿಸಿದಳು. 'ಸಡಿಲವಾದ ಚಡ್ಡಿ ತೊಡಿ' ಎಂಬಲ್ಲಿ ಮಾತ್ರ ಬಿಕ್ಕಟ್ಟು ಬಂತು. ಮನೆಯಲ್ಲಿದ್ದುದು ಒಂದೇ ಸಡಿಲ ಚಡ್ಡಿ; ಅದರ ತುಂಬ ಅನಾನಸ್ ಹಣ್ಣಿನ ಚಿತ್ರ.

"ಇದನ್ನ ಹಾಕ್ಕೊಂಡು ಹೋದ್ರೆ ನನ್ನನ್ನ ಕ್ರೀಡಾಪಟು ಅಂತಾರಾ?"

"ಹಣ್ಣಿನ ವ್ಯಾಪಾರಿ ಅಂತಾರೆ. ಹಾಕ್ಕೊಳ್ರೀ, ಹೊತ್ತಾಯ್ತು. ಇನ್ನೂ ಒಂದಿದೆ ನೋಡಿ: 'ಮರ್ದನ ಮಾಡುವವರ ಹತ್ತಿರ ಏನನ್ನೂ ಮುಚ್ಚಿಡಬೇಡಿ.' ಕೇಳಿಸ್ತಾ?"

ಸಾಹೇಬರು ಒಂದು ಗುಟುಕು ನೀರನ್ನು ತಾವಾಗಿಯೇ ಕುಡಿದರು.

ದಾರಿಯುದ್ದಕ್ಕೂ ಅವರ ಮನಸ್ಸಿನಲ್ಲಿ ಮಂದ ಬೆಳಕು, ಕೊಳಲಿನ ನಾದ, ಸುವಾಸನೆಯ ಎಣ್ಣೆ, ನಡುವೆ ಒಂದು ಸಣ್ಣ ನಿದ್ದೆ ಇದ್ದವು. ಅಲ್ಲಿ ಕಂಡದ್ದು ಟ್ಯೂಬ್‌ಲೈಟು, ನೋವಿನ ಮುಲಾಮಿನ ಘಾಟು, ಮುಖ ಇಡುವ ಕಡೆ ತೂತಿರುವ ಒಂದು ಮೇಜು. ಅದರ ಪಕ್ಕದಲ್ಲಿ ತೋಳು ಮಡಚಿ ನಿಂತಿದ್ದ ಹೆಂಗಸು ಒಂದು ಕಾಲದಲ್ಲಿ ಗುಂಡು ಎಸೆತದಲ್ಲಿ ಗೆದ್ದವರಂತೆ; ಎಲ್ಲರೂ ಚಾಂಪಿಯನ್ನಮ್ಮ ಎನ್ನುತ್ತಿದ್ದರು. ಆಕೆಯ ಹೆಬ್ಬೆರಳು ನೋಡಿದ ಕೂಡಲೇ ಸಾಹೇಬರ ಹೆಂಡತಿಯ ಸಂಶಯವೆಲ್ಲ ಪರಿಹಾರವಾಗಿ, ಪರದೆಯ ಆಚೆ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತಳು.

ಸಾಹೇಬರು ಬೋರಲಾದರು. ತೂತಿನಿಂದ ನೆಲ ಮಾತ್ರ ಕಾಣುತ್ತಿತ್ತು. ಕುಡಿದ ನೀರೆಲ್ಲ ಹೊಟ್ಟೆಯಡಿಯಲ್ಲಿ ತನ್ನ ಇರವನ್ನು ನೆನಪಿಸುತ್ತಿತ್ತು.

"ನೋವು ಹತ್ತರಲ್ಲಿ ಎಷ್ಟು ಅಂತ ಹೇಳ್ತಾ ಇರಿ ಸಾರ್. ಏಳು ದಾಟಿದ್ರೆ ಕಮ್ಮಿ ಮಾಡ್ತೀನಿ. ಸುಮ್ನೆ ಧೈರ್ಯ ತೋರಿಸ್ಬೇಡಿ," ಅಂದರು ಚಾಂಪಿಯನ್ನಮ್ಮ.

ಬೆರಳು ಬೆನ್ನಿಗೆ ತಾಗಿತು. ಪರದೆಯಾಚೆ ಹೆಂಡತಿ ಇದ್ದಾಳೆಂಬ ಅರಿವಿನಿಂದ ಸಾಹೇಬರು ಗಂಭೀರವಾಗಿ, "ಎರಡು," ಅಂದರು.

ಆಗ ಚಾಂಪಿಯನ್ನಮ್ಮ ಮೊಣಕೈ ಊರಿದರು.

"ಹದಿನಾಲ್ಕು!"

"ಹತ್ತರಲ್ಲಿ ಸಾರ್."

"ಹತ್ತರಲ್ಲೇ ಹದಿನಾಲ್ಕು!"

"ಏನಾಯ್ತುರೀ?" ಎಂದು ಆಚೆಯಿಂದ ಧ್ವನಿ ಬಂತು.

"ಏನಿಲ್ಲ, ಲೆಕ್ಕ ಹೇಳ್ತಾ ಇದ್ದೀನಿ," ಅಂದರು ಸಾಹೇಬರು ನೆಲಕ್ಕೆ.

ಒತ್ತಡ ತಗ್ಗಿತು. ಬೆರಳುಗಳು ಸೊಂಟದಿಂದ ಎಡತೊಡೆಗೆ, ತೊಡೆಯಿಂದ ಮೀನಖಂಡಕ್ಕೆ ಇಳಿದವು. ಅಲ್ಲಿ ತುಸು ಹೊತ್ತು ನಿಂತವು. ಮತ್ತೆ ಮೇಲೆ ಹೋಗಿ ಕುತ್ತಿಗೆಯನ್ನು ವಿಚಾರಿಸಿಕೊಂಡು ಬಂದವು. ಚಾಂಪಿಯನ್ನಮ್ಮನ ಧ್ವನಿಯಲ್ಲಿ ನಿಜವಾದ ಕುತೂಹಲವಿತ್ತು.

"ಸಾರ್, ದಿನಾ ಎಷ್ಟು ದೂರ ಓಡ್ತೀರಿ?"

"ಎಂಟು ಕಿಲೋಮೀಟರ್."

"ಯಾವುದ್ರಲ್ಲಿ?"

"ಯಾವುದ್ರಲ್ಲಿ ಅಂದ್ರೆ? ಕಾಲಲ್ಲಿ!"

"ಯಾರ ಕಾಲಲ್ಲಿ ಸಾರ್?"

ಪರದೆಯಾಚೆ ಪುಸ್ತಕದ ಹಾಳೆ ಮಗುಚುವ ಸದ್ದು ನಿಂತಿತು.

ಚಾಂಪಿಯನ್ನಮ್ಮನಿಗೆ ಯಾರ ಮಾನ ಕಳೆಯುವ ಉದ್ದೇಶವೂ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನು ಹೇಳುವುದು ಅವರ ವೃತ್ತಿ. "ಓಡೋರ ಮೀನಖಂಡ ಹಗ್ಗದ ಹಾಗೆ ಇರುತ್ತೆ ಸಾರ್, ನಿಮ್ದು ಹತ್ತಿ ದಿಂಬು. ಸೊಂಟ ನೋಡಿದ್ರೆ ಕಾಲು ಇಳಿಬಿಟ್ಟು, ಬೆನ್ನಿಗೆ ಆಸರೆ ಇಲ್ದೆ, ಎತ್ತರದ ಸ್ಟೂಲಿನ ಮೇಲೆ ಕೂತ ಹಾಗಿದೆ. ಕುತ್ತಿಗೆಯಲ್ಲಿ ಗಂಟಾಗಿದೆ. ಒಂದೇ ಕಡೆ! ದಿನಾ ಎಡಕ್ಕೆ ತಿರುಗಿ ಮೇಲೆ ಏನೋ ನೋಡ್ತೀರಾ?"

ಇಷ್ಟು ದಿನ ಸಾಹೇಬರು ನಾಲಿಗೆಯನ್ನು ಕಾದಿದ್ದರು, ಒದ್ದೆ ಅಂಗಿಯನ್ನು ಕಾದಿದ್ದರು, ಮೀಸೆಗೆ ಅಂಟಿದ ಬನ್ನಿನ ಚೂರನ್ನೂ ಒರೆಸಿಕೊಂಡು ಬಂದಿದ್ದರು. ಮೈಯನ್ನು ಕಾಯಬೇಕೆಂದು ಹೊಳೆದಿರಲಿಲ್ಲ. ಮೈಗಳ್ಳತನ ಮೈಯಲ್ಲೇ ಮಾಲು ಸಮೇತ ಸಿಕ್ಕಿಬಿದ್ದಿತ್ತು.

ಪರದೆ ಸರಿಯಿತು. ತೂತಿನಲ್ಲಿ, ಚಾಂಪಿಯನ್ನಮ್ಮನ ಕ್ಯಾನ್ವಾಸ್ ಶೂಗಳ ಪಕ್ಕದಲ್ಲಿ, ಪರಿಚಯದ ಎರಡು ಚಪ್ಪಲಿಗಳು ಬಂದು ನಿಂತವು.

"ರೀ, ಬೇಕರಿಯವನ ಟಿವಿ ಎಡಗಡೆ ಮೂಲೇಲಿದೆ," ಅಂದಳು ಹೆಂಡತಿ. ಪ್ರಶ್ನೆಯಲ್ಲ. "ಹೋದ ಭಾನುವಾರ ಬ್ರೆಡ್ಡಿಗೆ ಹೋದಾಗ 'ಸಾಹೇಬ್ರು ಆರಾಮಾ?' ಅಂತ ಕೇಳಿದ. ಇವನಿಗೆ ನಿಮ್ಮ ಪರಿಚಯ ಎಲ್ಲಿಂದ ಅಂತ ನಾನೂ ಯೋಚ್ನೆ ಮಾಡಿದೆ."

"ಅದು... ಮೊದಮೊದಲು ಓಡ್ತಿದ್ದೆ ಕಣೇ."

"ಎಷ್ಟು ದಿನ?"

"ಮೂರು," ಅಂದರು ಸಾಹೇಬರು. ಆ ದಿನ ಅವರು ಹೇಳಿದ ಸಂಖ್ಯೆಗಳಲ್ಲಿ ಅದೊಂದೇ ಸರಿಯಾಗಿತ್ತು.

ಅವಳು ಕೂಗಲಿಲ್ಲ. ಕೂಗಿದ್ದರೆ ಸಾಹೇಬರಿಗೆ ಎಷ್ಟೋ ಹಗುರವಾಗುತ್ತಿತ್ತು. "ಬೆಳಗಾಗೆದ್ದು ನಿಮಗೆ ಹಾಲು ಕಾಯಿಸಿಟ್ಟು, ಆ ಒದ್ದೆ ಅಂಗಿ ಒಗೆದು..." ಎಂದು ಅರ್ಧಕ್ಕೇ ನಿಲ್ಲಿಸಿ ಕೈಚೀಲ ಎತ್ತಿ ಹೆಗಲಿಗೆ ಹಾಕಿಕೊಳ್ಳಲು ಹೋದಳು. ತೋಳು ಭುಜದ ಮಟ್ಟಕ್ಕೆ ಬರುತ್ತಲೇ ಮುಖ ಕಿವುಚಿತು.

ಚಾಂಪಿಯನ್ನಮ್ಮನ ಕಣ್ಣಿಗೆ ಅದು ಬಿತ್ತು. "ಅಮ್ಮಾ, ಒಂದು ನಿಮಿಷ," ಎಂದು ಅವಳ ಭುಜ ಮುಟ್ಟಿದವರು ಹಾಗೇ ನಿಂತರು. "ಅಯ್ಯೋ! ನೀವು ಏನು ಆಡ್ತೀರಿ? ಭಾರ ಎತ್ತೋದಾ?"

"ಆಟ ಎಲ್ಲಿಂದ ಬರ್ಬೇಕು? ಲೈಬ್ರರೀಲಿ ಏಣಿ ಹತ್ತಿ ಪುಸ್ತಕ ಜೋಡಿಸ್ತೀನಿ. ಸಾಮಾನು ಮೂರನೇ ಮಹಡಿಗೆ ಹೊರ್ತೀನಿ. ಉಳಿದದ್ದು ಮನೇಲಿ."

"ಈ ವಾರದಲ್ಲಿ ನನ್ನ ಕೈಗೆ ಸಿಕ್ಕಿದ ಮೊದಲ್ನೇ ಕ್ರೀಡಾಪಟು ನೀವು," ಅಂದರು ಚಾಂಪಿಯನ್ನಮ್ಮ. ಗಡಿಯಾರ ನೋಡಿದರು. "ಇನ್ನೂ ಅರ್ಧ ಗಂಟೆ ಇದೆ. ಸಾರ್, ಏಳಿ."

"ನನ್ನ ಬಲಗಾಲು ಇನ್ನೂ..."

"ಅದಕ್ಕೆ ಏನೂ ಆಗಿಲ್ಲ ಸಾರ್. ಎಡಗಾಲಿಗೂ ಆಗಿರ್ಲಿಲ್ಲ."

ಸಾಹೇಬರು ಮೊದಲು ಬಚ್ಚಲಮನೆಗೆ ಓಡಿದರು. (ಮೂರು ತಿಂಗಳಲ್ಲಿ ಅದೇ ಅವರ ಅತಿ ವೇಗದ ಓಟ.) ಆಮೇಲೆ ಅನಾನಸ್ ಚಡ್ಡಿಯಲ್ಲಿ, ಮಡಿಲಲ್ಲಿ ಹೆಂಡತಿಯ ಕೈಚೀಲ ಇಟ್ಟುಕೊಂಡು, ಪರದೆಯ ಆಚೆ ಕೂತರು. ಒಳಗಿನಿಂದ "ಆರು... ಐದು... ನಾಲ್ಕು..." ಎಂದು ಇಳಿಯುತ್ತ ಹೋದ ಎಣಿಕೆ ಕೊನೆಗೆ ಒಂದು ಸಣ್ಣ ಗೊರಕೆಯಾಯಿತು. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಆಕೆ ಹಗಲು ಹೊತ್ತಿನಲ್ಲಿ ನಿದ್ದೆ ಮಾಡಿದ್ದನ್ನು ಸಾಹೇಬರು ಕೇಳಿರಲಿಲ್ಲ. ಅವರಿಗೆ ಒಂದು ಕ್ಷಣ ನಾಚಿಕೆಯಾಯಿತು. ಮರುಕ್ಷಣ ಚೀಟಿಯ ನೆನಪಾಯಿತು.

ಹೊರಡುವಾಗ ಅವರು ಗಂಟಲು ಸರಿ ಮಾಡಿಕೊಂಡರು. "ಮೇಡಂ, ಕಚೇರಿಗೆ ಒಂದು ಚೀಟಿ ಕೊಟ್ರೆ... ಸ್ನಾಯುಗಳ ಸ್ಥಿತಿ ಬಗ್ಗೆ."

ಹೆಂಡತಿ ಮತ್ತು ಚಾಂಪಿಯನ್ನಮ್ಮ ಒಬ್ಬರನ್ನೊಬ್ಬರು ನೋಡಿದರು. "ಧಾರಾಳವಾಗಿ," ಎಂದು ಚಾಂಪಿಯನ್ನಮ್ಮ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ಮೊಹರು ಒತ್ತಿದರು. ಹೆಂಡತಿಗೆ ಬೇರೆ ಸೂಚನೆ ಕೊಟ್ಟರು: ಎರಡು ದಿನ ಭಾರ ಎತ್ತಬಾರದು, ಬಗ್ಗಬಾರದು, ಬಿಸಿನೀರಿನ ಸ್ನಾನ, ವಿಶ್ರಾಂತಿ. ಅವಳು ನಿಯಮವನ್ನು ಹೇಗೆ ಪಾಲಿಸುತ್ತಾಳೆಂದು ಮೊದಲೇ ಹೇಳಿದ್ದೇನೆ. ಭಾನುವಾರವಿಡೀ ಸಾಹೇಬರು ಗುಡಿಸಿದರು, ಒರೆಸಿದರು, ಬೇಯಿಸಿದರು, ಸೀದದ್ದನ್ನು ಕೆರೆದು ತೊಳೆದರು, ಸಾಮಾನು ಹೊತ್ತು ಮಹಡಿ ಹತ್ತಿದರು. ಸಡಿಲಾದ ಎಡಗಾಲು ಒಂದು ಮೆಟ್ಟಿಲು ಮುಂದಿದ್ದರೆ ಬಲಗಾಲು ಹಿಂದೆ ಉಳಿಯುತ್ತಿತ್ತು. ನಡುವೆ ಹೆಂಡತಿ ಮಲಗಿದ್ದಲ್ಲಿಂದಲೇ "ಮೂಲೆ ಮೂಲೆ ಒರೆಸ್ರೀ" ಎನ್ನುತ್ತಿದ್ದಳು.

ಆದರೂ ಅವರು ಎದೆಗುಂದಲಿಲ್ಲ. ಮಧ್ಯಾಹ್ನ ಲಕೋಟೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದಾಗ, ಮಡಿಕೆಗಳ ನಡುವೆ ಎರಡು ಪದ ಸ್ಪಷ್ಟವಾಗಿ ಕಂಡಿದ್ದವು: 'ಪೂರ್ಣ ವಿಶ್ರಾಂತಿ'. ಎಷ್ಟಾದರೂ ಚಾಂಪಿಯನ್ನಮ್ಮ ದೊಡ್ಡ ಮನಸ್ಸಿನವರು!

ಸೋಮವಾರ ಸಾಹೇಬರು ಕುಂಟುತ್ತ (ಈ ಸಲ ನಟನೆಯಲ್ಲ) ಮೇಲಧಿಕಾರಿಯ ಕೋಣೆಗೆ ಹೋಗಿ ಲಕೋಟೆ ಕೊಟ್ಟು, ಮುಖದಲ್ಲಿ ತಕ್ಕಷ್ಟು ವಿಷಾದ ತಂದುಕೊಂಡು ನಿಂತರು. ಅಧಿಕಾರಿ ಒಡೆದು, ಗಟ್ಟಿಯಾಗಿಯೇ ಓದಿದರು.

"'ಇವರನ್ನು ಪರೀಕ್ಷಿಸಿದ್ದೇನೆ. ಕಾಲಿನ ಸ್ನಾಯುಗಳು ಈಗಾಗಲೇ ಪೂರ್ಣ ವಿಶ್ರಾಂತಿ ಪಡೆದಿವೆ. ಸವೆತದ ಗುರುತೇ ಇಲ್ಲ, ಹೊಚ್ಚ ಹೊಸದರಂತಿವೆ. ಎಷ್ಟು ದೂರ ಬೇಕಾದರೂ ಓಡಿಸಬಹುದು.'" ಅವರು ಎದ್ದು ನಿಂತರು. ಕಣ್ಣಲ್ಲಿ ಗೌರವ ತುಂಬಿತ್ತು. "ಮೂರು ತಿಂಗಳು, ದಿನಕ್ಕೆ ಎಂಟು ಕಿಲೋಮೀಟರ್! ಆದ್ರೂ ಹೊಚ್ಚ ಹೊಸದರಂತೆ! ಏನು ಮನುಷ್ಯರ್ರೀ ನೀವು!"

"ಸಾರ್, ಅದು ಹಾಗಲ್ಲ..."

"ವಿನಯ ಬೇಡ. ರಿಲೇ ಜೊತೆಗೆ ಹತ್ತು ಕಿಲೋಮೀಟರ್ ಓಟಕ್ಕೂ ನಿಮ್ಮ ಹೆಸರು ಬರೆಸ್ತೀನಿ. ಆಮೇಲೆ ಇನ್ನೊಂದು ವಿಷ್ಯ." ಅಧಿಕಾರಿ ಧ್ವನಿ ತಗ್ಗಿಸಿ, ತಮ್ಮ ಹೊಟ್ಟೆಯ ಮೇಲೆ ಸಂಕೋಚದಿಂದ ಕೈಯಿಟ್ಟುಕೊಂಡರು. "ನನಗೂ ಡಾಕ್ಟರು ಓಡಿ ಅಂದಿದ್ದಾರೆ. ಒಬ್ಬನಿಗೇ ಆಗ್ತಾ ಇಲ್ಲ. ನಾಳೆಯಿಂದ ಐದೂವರೆಗೆ ನಿಮ್ಮನೆಗೇ ಬಂದುಬಿಡ್ತೀನಿ."

ಮಂಗಳವಾರ ಐದು ಇಪ್ಪತ್ತೆಂಟಕ್ಕೇ ಬಾಗಿಲ ಗಂಟೆ ಹೊಡೆಯಿತು. ಸಾಹೇಬರು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಉಸಿರು ಬಿಗಿಹಿಡಿದರು. ಬಾಗಿಲು ತೆರೆದದ್ದು ಹೆಂಡತಿ. ಎರಡು ದಿನ ವಿಶ್ರಾಂತಿ ಪಡೆದು ಎದ್ದಿದ್ದ ಅವಳ ಧ್ವನಿಯಲ್ಲಿ ಎಂಥ ಚೈತನ್ಯ!

"ಬನ್ನಿ ಸಾರ್, ಬನ್ನಿ. ಆಗಿನಿಂದ ನಿಮ್ಮನ್ನೇ ಕಾಯ್ತಾ ಇದ್ದಾರೆ."