ಸ್ಮಾರ್ಟ್ ಟಿ.ವಿ.ಯನ್ನು ಪಾಠಕ್ಕೆ ಬಳಸಿರುವ ಬಗ್ಗೆ

ಕಲಿಕಾ ಯಂತ್ರೋಪಕರಣ ಸಂರಕ್ಷಣಾ ಇಲಾಖೆ
ವಲಯ ಕಚೇರಿ, ಮಂಡ್ಯ

ಸಂಖ್ಯೆ: ಕಯಂಸಂ/ಟಿವಿ/ಮುಸುಕು/07/2025-26

ಸುತ್ತೋಲೆ

ವಿಷಯ: ತರಗತಿಯಲ್ಲಿ ತಂತ್ರಜ್ಞಾನವನ್ನು ಅರ್ಥಪೂರ್ಣವಾಗಿ ಬಳಸುವ ನೆಪದಲ್ಲಿ ಟಿ.ವಿ.ಯನ್ನು ಚಾಲೂ ಮಾಡುತ್ತಿರುವ ಕುರಿತು.

ಉಲ್ಲೇಖ: 1. ಈ ಕಚೇರಿಯ ಹಿಂದಿನ ಸುತ್ತೋಲೆ (ಯಾರೂ ಓದಿಲ್ಲವೆಂದು ತಿಳಿದುಬಂದಿದೆ).
2. ತಪಾಸಣಾಧಿಕಾರಿ ಶ್ರೀ ಚಲುವನಾರಾಯಣ ಅವರ ವರದಿ.

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಶಾಲೆಗಳಿಗೆ ಮಕ್ಕಳ ಕಲಿಕೆಗೆಂದು ಸ್ಮಾರ್ಟ್ ಟಿ.ವಿ. ಸರಬರಾಜು ಮಾಡಲಾಗಿದೆ. ಬಹುತೇಕ ಶಾಲೆಗಳು ಅದನ್ನು ರಟ್ಟಿನ ಪೆಟ್ಟಿಗೆ ಸಮೇತ ಬೀಗ ಹಾಕಿಟ್ಟು, ಆಯುಧಪೂಜೆಗೆ ಮಾತ್ರ ಹೊರತೆಗೆದು ಇಲಾಖೆಯ ಮರ್ಯಾದೆ ಉಳಿಸಿವೆ.

ಆದರೆ ಪೂರಿಗಾಲಿ ಕಡೆಯ ಒಂದು ಶಾಲೆಯ ಸಹಶಿಕ್ಷಕಿ ಶ್ರೀಮತಿ ನಾಗಮಣಿ ಅವರು ಟಿ.ವಿ.ಯನ್ನು ಪ್ರತಿದಿನ ಬಳಸುತ್ತಿರುವುದು ತಪಾಸಣೆಯಲ್ಲಿ ಕಂಡುಬಂದಿದೆ. ಮೂರನೇ ತರಗತಿಯ ದೀಪಿಕ ಎಂಬ ವಿದ್ಯಾರ್ಥಿನಿಗೆ ದೃಷ್ಟಿ ಮಂದವಿದ್ದು, ಕನ್ನಡಕ ಹಾಕಿದರೂ ಪುಸ್ತಕದ ಅಕ್ಷರ ಕಾಣುವುದಿಲ್ಲ. ಸದರಿ ಶಿಕ್ಷಕಿಯು ಪಾಠದ ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಟಿ.ವಿ.ಯಲ್ಲಿ ಒಂದೊಂದು ಅಕ್ಷರವನ್ನೂ ರಾಗಿರೊಟ್ಟಿಯಷ್ಟಗಲ ಮಾಡಿ ತೋರಿಸಿರುತ್ತಾರೆ. ಪರಿಣಾಮವಾಗಿ ಮಗು ಓದತೊಡಗಿದೆ. ಇಲಾಖೆಯು ಇದನ್ನು ಗಂಭೀರವಾಗಿ ಪರಿಗಣಿಸಿದೆ.

ಟಿ.ವಿ.ಯನ್ನು ಪೆಟ್ಟಿಗೆಗೆ ಹಾಕುವಂತೆ ತಿಳಿಸಲಾಗಿ, ಮಗುವಿನ ಅಜ್ಜಿ ಪುಟ್ಟಮಾದಮ್ಮ ಎಂಬುವರು ಶಾಲೆಗೇ ಬಂದು ತಪಾಸಣಾಧಿಕಾರಿಗೆ, "ಏನ್ ಸ್ವಾಮಿ, ನಮ್ ಕೂಸು ಈಗ್ತಾನೆ ಓದಕ್ ಸುರು ಮಾಡ್ಕಂಡದೆ. ಟೀವಿ ಪೆಟ್ಗೇಲಿ ಮಡುಗುದ್ರೆ ಅದೇನ್ ಮರಿ ಆಕದಾ? ಸುಮ್ಕೆ ಬುಟ್ಬುಟ್ಟು ಓಗಿ ಅತ್ಲಾಗೆ!" ಎಂದಿರುವುದು ಕಡತದಲ್ಲಿ ದಾಖಲಾಗಿದೆ.

ಹೇಳಿ ಹೇಳಿ ಸಾಕಾಗಿರುವುದರಿಂದ, ಕೊನೆಯ ಬಾರಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಟಿ.ವಿ. ಬಳಕೆ ಎಂದರೆ ಅದರ ಮುಂದೆ ಮಕ್ಕಳನ್ನು ಸಾಲಾಗಿ ಕೂರಿಸಿ, ಫೋಟೊ ತೆಗೆದು ಇಲಾಖೆಯ ಆ್ಯಪ್‌ಗೆ ಹಾಕುವುದು. ಟಿ.ವಿ. ಚಾಲೂ ಇರಬೇಕಾಗಿಲ್ಲ. ಮಕ್ಕಳ ಮುಖದಲ್ಲಿ ಬೆರಗಿದ್ದರೆ ಸಾಕು. ಬೆರಗು ಬಾರದ ಮಕ್ಕಳನ್ನು ಹಿಂದಿನ ಸಾಲಿಗೆ ಕಳುಹಿಸತಕ್ಕದ್ದು.

2. ಪ್ಲಾಸ್ಟಿಕ್ ಹೊದಿಕೆ ತೆಗೆಯತಕ್ಕದ್ದಲ್ಲ. ಅರಿಶಿನ ಕುಂಕುಮಕ್ಕೆ ಅಡ್ಡಿಯಿಲ್ಲ. ಬೂದುಗುಂಬಳವನ್ನು ಪರದೆಗೇ ಕುಕ್ಕಿ ಒಡೆದವರ ವಿರುದ್ಧ ಕ್ರಮ ಜರುಗಿಸಲಾಗುವುದು.

3. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಶಿಕ್ಷಕರು ನೀರಿನ ಟ್ಯಾಂಕ್ ಹತ್ತಿ ಫೋಟೊ ಅಪ್‌ಲೋಡ್ ಮಾಡತಕ್ಕದ್ದು. ಅವರು ಇಳಿದು ಬರುವವರೆಗೆ ತರಗತಿಯ ಉಸ್ತುವಾರಿ ಟಿ.ವಿ.ಯದು.

4. ಬಳಕೆಯಿಂದ ಕಲಿಕೆ ಉಂಟಾದಲ್ಲಿ ಕೂಡಲೇ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ಆ್ಯಪ್‌ನಲ್ಲಿ ಕಲಿಕೆಗೆ ಕಾಲಂ ಇರುವುದಿಲ್ಲ. ಕಾಲಂ ಇಲ್ಲದ್ದು ನಡೆದಿಲ್ಲವೆಂದೇ ಭಾವಿಸತಕ್ಕದ್ದು.

5. ಟಿ.ವಿ. ಮರಿ ಹಾಕುವ ಸಾಧ್ಯತೆಯ ಬಗ್ಗೆ ತಾಂತ್ರಿಕ ವಿಭಾಗದ ಅಭಿಪ್ರಾಯ ಕೋರಲಾಗಿದೆ. ಹಾಕಿದ ಪಕ್ಷದಲ್ಲಿ ಮರಿಗಳೂ ಇಲಾಖೆಯ ಸ್ವತ್ತು.

6. ಸದರಿ ಶಾಲೆಯ ಟಿ.ವಿ.ಯನ್ನು ವಾಪಸ್ ಪಡೆದು, ಸಂರಕ್ಷಣೆಯ ದೃಷ್ಟಿಯಿಂದ ಈ ಕಚೇರಿಯ ಗೋಡೆಗೆ ಅಳವಡಿಸಲಾಗಿದೆ. ಕ್ರಿಕೆಟ್ ಪಂದ್ಯವಿರುವ ದಿನಗಳಲ್ಲಿ ಅದರ ಸುಸ್ಥಿತಿಯನ್ನು ಸಿಬ್ಬಂದಿ ಖುದ್ದಾಗಿ ಪರಿಶೀಲಿಸುತ್ತಿದ್ದಾರೆ.

7. ತಪಾಸಣೆಯ ವೇಳೆ ತೆಗೆದ, ದೀಪಿಕ ಟಿ.ವಿ. ನೋಡಿ ಓದುತ್ತಿರುವ ಫೋಟೊ ಬಹಳ ಚೆನ್ನಾಗಿ ಬಂದಿದ್ದು, ಅದನ್ನು ಇಲಾಖೆಯ ಸಾಧನಾ ಭಿತ್ತಿಪತ್ರಕ್ಕೆ ಬಳಸಿಕೊಳ್ಳಲಾಗಿದೆ. ಮಗು ಈಗ ಓದುವುದನ್ನು ನಿಲ್ಲಿಸಿರುವುದರಿಂದ ಫೋಟೊಗೆ ಯಾವುದೇ ಬಾಧಕವಿಲ್ಲ.

ಸಹಿ/-
ವಲಯ ಸಂರಕ್ಷಣಾಧಿಕಾರಿ, ಮಂಡ್ಯ

ಪ್ರತಿಗಳು:
1. ಶ್ರೀಮತಿ ನಾಗಮಣಿ, ಸಹಶಿಕ್ಷಕಿ — ಮಗು ಏಕೆ ಓದಿತು ಎಂಬುದಕ್ಕೆ ಸಮಜಾಯಿಷಿ ನೀಡಲು.
2. ಶ್ರೀಮತಿ ಪುಟ್ಟಮಾದಮ್ಮ — ಮುಂದೆ ಬೈಯುವುದಿದ್ದಲ್ಲಿ ಮುಂಚಿತವಾಗಿ ಅರ್ಜಿ ಸಲ್ಲಿಸಲು.
3. ಖಾಲಿ ರಟ್ಟಿನ ಪೆಟ್ಟಿಗೆ — ಮೇಲೆ ಅಂಟಿಸಲು.
4. ಕಚೇರಿ ಕಡತ.
5. ಕುಮಾರಿ ದೀಪಿಕ, ಮೂರನೇ ತರಗತಿ — ಓದಿ ತಿಳಿದುಕೊಳ್ಳಲು. ಅಕ್ಷರ ದೊಡ್ಡದು ಮಾಡಿಕೊಡಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.