ಬಿಳೀ ಪೈಜಾಮದ ಖರ್ಚು

ಇಷ್ಟು ದೊಡ್ಡ ರಾಮಾಯಣಕ್ಕೆಲ್ಲ ಕಾರಣ ಒಂದು ಬಿಳೀ ಪೈಜಾಮ.

ಅರವತ್ತೆರಡನೇ ಇಸವಿಯ ಮಾತು. ಪುಟ್ಟೇನಹಳ್ಳಿಯ ಮಕ್ಕಳು ಹೋಗುತ್ತಿದ್ದ ಕೆರೆಯಾಚೆಯ ಶಾಲೆಯಲ್ಲಿ ಆ ವರ್ಷದ ಸ್ಕೂಲ್ ಡೇಗೆ ಹೆಣ್ಣುಮಕ್ಕಳ ಕೈಲಿ ಪಿರಮಿಡ್ ಮಾಡಿಸಿಯೇ ತೀರುತ್ತೇನೆಂದು ಡ್ರಿಲ್ ಮೇಷ್ಟ್ರು ಹಟ ಹಿಡಿದಿದ್ದರು. ಒಬ್ಬರ ಬೆನ್ನ ಮೇಲೊಬ್ಬರು ಹತ್ತಿ ಗೋಪುರದಂತೆ ನಿಲ್ಲಬೇಕು, ತುದಿಯ ಹುಡುಗಿ ಬಾವುಟ ಎತ್ತಬೇಕು. ಅದಕ್ಕೆ ಬಿಳೀ ಷರಟು, ಬಿಳೀ ಪೈಜಾಮ, ಬಿಳೀ ಕ್ಯಾನ್‌ವಾಸ್ ಷೂ. ದೀಪಾವಳಿಗೇ ಹೊಸ ಬಟ್ಟೆ ಕಾಣದ ಮನೆಗಳು ಇವನ್ನೆಲ್ಲ ಎಲ್ಲಿಂದ ತರಬೇಕು? ಮೇಷ್ಟ್ರು ಒಂದು ಉಪಾಯ ಹೂಡಿದರು. ಎಲ್ಲ ಇದ್ದವರು ಮೇಲೆ, ಷರಟು ಮಾತ್ರ ಇದ್ದವರು ನಡುವೆ, ಏನೂ ಇಲ್ಲದವರು ಕೆಳಗೆ. ಕೆಳಗಿನವರನ್ನು ಯಾರು ನೋಡುತ್ತಾರೆ?

ಆಂಜಿನಪ್ಪನ ಮಗಳು ಗೋಪಾಲಮ್ಮನಿಗೆ ಕೆಳಗಿನ ಸಾಲು ಸಿಕ್ಕಿತ್ತು. ಹುಡುಗಿ ರಾಗಿ ಮೂಟೆಯ ಹಾಗೆ ಗಟ್ಟಿಮುಟ್ಟು, ಅವಳ ಜಾಗ ನ್ಯಾಯವಾಗಿ ಅದೇ. ಆದರೂ ಸ್ಕೂಲ್ ಡೇ ಬೆಳಿಗ್ಗೆ ಅವಳು ಪಕ್ಕದ ಮನೆಯ ಪಿಳ್ಳಪ್ಪನ ಜಗಲಿಯಲ್ಲಿ ಕೂತು ಗೊಳೋ ಎಂದು ಅಳುತ್ತಿದ್ದಳು.

"ಕೆಳಗಿದ್ರೆ ಬರೀ ಮಣ್ಣು ಕಾಣ್ತದೆ ದೊಡ್ಡಪ್ಪ. ನಾನೂ ಮ್ಯಾಕ್ ಅತ್ಬೇಕು."

"ನಿಮ್ಮಪ್ಪ ಏನಂದ?"

"ಇನ್ನೊಬ್ರ ಬೆನ್ನು ತುಳಿಯಾಕೆ ಷೂ ಬೇರೆ ಕೇಡು ಅಂದ. ಒಟ್ಟೆಗೆ ಇಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವಾ ಅಂದ."

ಪಿಳ್ಳಪ್ಪನಿಗೆ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಒಬ್ಬನೇ ಮುದ್ದೆ ತೊಳಸಿ ಒಬ್ಬನೇ ಉಣ್ಣುತ್ತಿದ್ದ. ಒಂಟಿ ಬಾಳು ಅವನಿಗೆ ರೂಢಿಯಾಗಿದೆ ಎಂದು ಊರವರು ಹೇಳುತ್ತಿದ್ದರು. ಊರವರಿಗೇನು ಗೊತ್ತು? ಪ್ರತಿ ವರ್ಷ ಸ್ಕೂಲ್ ಡೇ ದಿನ ಬೆಂಚುಗಳೆಲ್ಲ ತಂದೆತಾಯಿಗಳಿಗೆ ಮೀಸಲು; ಇವನು ಬೇಲಿಯಾಚೆ ನಿಂತು ಯಾರ್‍ಯಾರದೋ ಮಕ್ಕಳಿಗೆ ಚಪ್ಪಾಳೆ ತಟ್ಟಿ ಬರುತ್ತಿದ್ದ. ಯಾವ ಮಗುವೂ ಅವನ ಕಡೆ ತಿರುಗಿ ನೋಡಿದ್ದಿಲ್ಲ.

"ನಾನ್ ತಂದ್ಕೊಡ್ತೀನಿ," ಎಂದ. "ಆದ್ರೆ ಒಂದ್ ಮಾತು ಕಣವ್ವ. ತುದಿಗೆ ಅತ್ತಿದ್ ಮ್ಯಾಲೆ ನನ್ ಕಡೆ ಒಂದ್ಸಲ ನೋಡ್ಬೇಕು."

"ನೋಡ್ತೀನಿ ದೊಡ್ಡಪ್ಪ, ದೇವ್ರಾಣೆಗೂ."

ಮನೆಯಲ್ಲಿ ಅವನ ಮಾತಿಗೆ ಕೊಕ್ಕೋ ಎಂದು ಉತ್ತರ ಕೊಡುತ್ತಿದ್ದ ಜೀವಗಳು ಎರಡು ಕೋಳಿಗಳು ಮಾತ್ರ. ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಯಲಹಂಕಕ್ಕೆ ನಡೆದ. ಬರುವಾಗ ಕಂಕುಳಲ್ಲಿ ಕಾಗದದ ಪೊಟ್ಟಣವಿತ್ತು, ಅದರೊಳಗಿಂದ ಪೈಜಾಮದ ಕಾಲು ಇಣುಕುತ್ತಿತ್ತು. ದಾರಿಯಲ್ಲಿ ಮಾರಕ್ಕ ಅಡ್ಡ ಬಂದಳು. ಊರಿನ ಸುದ್ದಿಗೆಲ್ಲ ಒಗ್ಗರಣೆ ಹಾಕುವವಳು ಅವಳೇ.

"ಈ ವಯಸ್ನಾಗೆ ಯಾರಿಗಣ್ಣ ಪೈಜಾಮ?"

"ಗೋಪಾಲಮ್ಮಂಗೆ."

"ಓಹೋ, ಇಂಗೋ ಸಮಾಚಾರ!"

ಪಿಳ್ಳಪ್ಪ ಮನೆ ಸೇರುವಷ್ಟರಲ್ಲಿ ಊರವರ ಬಾಯಲ್ಲಿ ಅವನು ಗೋಪಾಲಮ್ಮನನ್ನು ದತ್ತು ತೆಗೆದುಕೊಂಡಾಗಿತ್ತು. ಬಾಗಿಲಲ್ಲಿ ಆಂಜಿನಪ್ಪ ಕೆಂಡವಾಗಿ ನಿಂತಿದ್ದ.

"ಏನಣ್ಣ, ನನ್ ಮಗೀನ ಕಿತ್ಕೊತೀಯಂತೆ?"

"ಅಯ್ಯೋ, ಬರೀ ಬಟ್ಟೆ ಕಣೋ!"

ಆಂಜಿನಪ್ಪ ಪೊಟ್ಟಣ ಬಿಚ್ಚಿ ಷೂವನ್ನು ಹಿಂದೆಮುಂದೆ ತಿರುಗಿಸಿ ನೋಡಿದ. ಸಿಟ್ಟು ಇಳಿಯಿತು. "ಬಟ್ಟೆ ಇರ್ಲಿ ಬಿಡು. ಆದ್ರೆ ಬೆಂಚಿನ ಮ್ಯಾಲೆ ಅಪ್ಪ ಅಂತ ಕುಂತ್ಕೊಳೋನು ನಾನೇಯ."

ಪಿಳ್ಳಪ್ಪನಿಗೆ ಈ ವರ್ಷವೂ ಬೇಲಿಯೇ ಗತಿಯಾಯಿತು.

ಸಂಜೆ ಗೋಪಾಲಮ್ಮ ಅಡಿಯಿಂದ ಮುಡಿಯವರೆಗೆ ಬೆಳ್ಳಗೆ ಬಂದು ನಿಂತಾಗ ಡ್ರಿಲ್ ಮೇಷ್ಟ್ರು ಒಮ್ಮೆ ಬಟ್ಟೆ ನೋಡಿದರು, ಒಮ್ಮೆ ಹುಡುಗಿಯನ್ನು ನೋಡಿದರು. ತಾವೇ ಮಾಡಿದ ನಿಯಮ, ಏನು ಮಾಡುತ್ತಾರೆ? "ಹತ್ತಮ್ಮಾ," ಎಂದರು. ದನಿ ಅಳುವಂತಿತ್ತು.

ಗೋಪಾಲಮ್ಮ ಹತ್ತಿದಳು. ಕೆಳಗಿನಿಂದ "ಅಮ್ಮಾ", "ಅಯ್ಯಪ್ಪಾ" ಎಂಬ ದನಿಗಳು ಬಂದವು. ತುದಿಯಲ್ಲಿ ನಿಂತವಳು ಬಾವುಟ ಎತ್ತುವುದು ಬಿಟ್ಟು ಬೆಂಚುಗಳ ಕಡೆ ಕಣ್ಣಾಡಿಸತೊಡಗಿದಳು. ಮೊದಲ ಸಾಲು ನೋಡಿದಳು, ಕೊನೆಯ ಸಾಲು ನೋಡಿದಳು. ದೊಡ್ಡಪ್ಪ ಇಲ್ಲ. ಅವಳ ಮುಖ ಬಾಡಿತು.

ತನ್ನನ್ನು ಹುಡುಕುತ್ತಿದ್ದಾಳೆ! ಪಿಳ್ಳಪ್ಪನಿಗೆ ತಡೆಯಲಾಗಲಿಲ್ಲ. ಬೇಲಿಯ ಕಲ್ಲು ಹತ್ತಿ, ಟವೆಲ್ ಬೀಸಿ ಕೂಗಿದ: "ಗೋಪಾಲೀ! ಇಲ್ಲಿ ಕಣವ್ವಾ, ಇಲ್ಲಿ!"

ಗೋಪಾಲಮ್ಮ ಇಡೀ ಮೈಯನ್ನೇ ಅವನ ಕಡೆ ತಿರುಗಿಸಿ ನಕ್ಕಳು. ನಗು ಮುಗಿಯುವ ಮೊದಲೇ ಪಿರಮಿಡ್ ಮುಗಿಯಿತು.

ಕೆಳಗೆ ಮರಳು ಹರಡಿದ್ದರಿಂದ ಯಾರ ಕೈಕಾಲೂ ಮುರಿಯಲಿಲ್ಲ. ಹರಿದದ್ದೆಲ್ಲ ಬಟ್ಟೆ. ಕೆಳಗಿನ ಸಾಲಿನ ಹಳೇ ಲಂಗದವರಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಮೇಲಿನವರ ತಾಯಂದಿರು ಎದೆ ಬಡಿದುಕೊಂಡು ಓಡಿ ಬಂದರು.

"ಇವತ್ತೇ ತಂದಿದ್ದು ಕಣ್ರವ್ವ! ಆ ಮೂಟೇನ ಮ್ಯಾಕ್ ಅತ್ತಿಸ್ದೋರ್ ಯಾರು?"

ಹೆಡ್‌ಮೇಷ್ಟ್ರು ಗುಡುಗಿದರು: "ಈ ಹುಡುಗಿ ತಂದೆ ಯಾರ್ರೀ? ಬನ್ನಿ ಈಚೆಗೆ!"

ಮೊದಲ ಬೆಂಚಿನಲ್ಲಿದ್ದ ಆಂಜಿನಪ್ಪ ತಾಯಂದಿರ ಮುಖ ನೋಡಿದ. ಹರಿದ ಷರಟುಗಳನ್ನೂ ನೋಡಿದ. ಆಮೇಲೆ ಬೇಲಿಯತ್ತ ಕೈ ತೋರಿಸಿದ. "ಅಗೋ ಸಾಮಿ, ಅಲ್ಲವ್ನೆ."

"ಊಂ ಸಾಮಿ, ದತ್ತು ತಕೊಂಡವ್ನೆ," ಎಂದಳು ಮಾರಕ್ಕ.

ಸಾವಿರ ಕಣ್ಣುಗಳು ಪಿಳ್ಳಪ್ಪನತ್ತ ತಿರುಗಿದವು. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡು ಬೇಲಿ ದಾಟಿ ಒಳಗೆ ಬಂದ.

"ಔದು ಸಾಮಿ. ನನ್ ಮಗು."

"ಮಕ್ಕಳನ್ನ ಸಾಕೋ ರೀತಿ ಏನ್ರೀ ಇದು?" ಎಂದು ಹೆಡ್‌ಮೇಷ್ಟ್ರು ಶುರು ಮಾಡಿದರು. ಪಿಳ್ಳಪ್ಪ ಕೈಕಟ್ಟಿ ನಿಂತು ಕೇಳಿದ. ಹುಟ್ಟಿದಾಗಿನಿಂದ ಅವನಿಗೆ ಯಾವ ಮಾತೂ ಅಷ್ಟು ಹಿತವಾಗಿ ಕೇಳಿರಲಿಲ್ಲ. ಎಲ್ಲರ ಬಟ್ಟೆಯನ್ನೂ ಒಗೆದು ಹೊಲಿದು ಕೊಡಬೇಕೆಂದಾಗ ಸಂತೋಷದಿಂದ ತಲೆಯಾಡಿಸಿದ. ತಂದೆಯಾದವನ ಜವಾಬ್ದಾರಿ ಅಲ್ಲವೇ?

ಜನ ಕರಗಿದರು. ಗೋಪಾಲಮ್ಮ ಹಳೇ ಲಂಗ ಉಟ್ಟು, ಬಿಕ್ಕುತ್ತಾ ಈಚೆಗೆ ಬಂದಳು. ಪಿಳ್ಳಪ್ಪ ಕೈ ಚಾಚಿದ. ಅವಳು ಗೇಟಿನ ಮರೆಯಲ್ಲಿ ನಿಂತಿದ್ದ ಆಂಜಿನಪ್ಪನನ್ನು ಕಂಡು "ಅಪ್ಪಾ" ಎಂದು ಓಡಿಹೋಗಿ ತಬ್ಬಿಕೊಂಡಳು.

ಅಪ್ಪ ಮಗಳು ಕೆರೆ ಏರಿಯ ಮೇಲೆ ಮುಂದೆ ನಡೆದರು. ಬಟ್ಟೆಯ ಗಂಟು ಹೊತ್ತ ಪಿಳ್ಳಪ್ಪ ಹಿಂದೆ ಬರುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ಆಂಜಿನಪ್ಪ ನಿಂತು, ಮಗಳ ಕೈಲಿದ್ದ ಪೈಜಾಮ ಇಸಕೊಂಡು ಗಂಟಿನ ಮೇಲೆ ಎಸೆದ.

"ಅಂಗೇ ಇದ್ನೂ ಒಲಿದುಬಿಡಣ್ಣ. ನಮ್ ಉಡುಗೀದೂ ಮಂಡಿ ಅತ್ರ ಅರಿದೈತೆ."